ಖಡಕ್ ರೊಟ್ಟಿಯ ನಾಲ್ಕನೇ ಒಂದು ಭಾಗ

“ಮಾಸ್ತರಿಕಿ ಅಂದ್ರ ಅದೇನ ದೊಡ್ಡ ಬ್ರಹ್ಮವಿದ್ಯಾ ಏನ? ನಾನ ಕಲಸ್ತೀನಿ ನನ್ನ ಮಗಳಿಗೆ!”

ಊಟದ ತಾಟಿನ ಮುಂದೆ ಕುಳಿತು ನಾನು ಹೀಗೆ ಘೋಷಿಸಿದ ದಿನಕ್ಕೆ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ನನ್ನ ಮಗಳು ಪ್ರಿಯಾಂಕಾ ನಾಲ್ಕನೇ ಇಯತ್ತೆ. ಅವಳ ಶಾಲೆಯ ಫರ್ಹಾನಾ ಮೇಡಮ್ ದಿನಾ ಬೆಳಿಗ್ಗೆ ಪಾಲಕರ ವಾಟ್ಸಾಪ್ ಗುಂಪಿಗೆ ಹತ್ತು ನಿಮಿಷದ ಪಾಠದ ವಿಡಿಯೊ ಹಾಕುತ್ತಿದ್ದರು. ಗೋಡೆಗೆ ಒರಗಿಸಿದ ಸಣ್ಣದೊಂದು ಹಲಗೆ, ಅದರ ಹಿಂದೆಲ್ಲೋ ಕುಕ್ಕರಿನ ಸೀಟಿ. ಇದೂ ಒಂದು ಪಾಠವೇ! ನಾನು ಚಹಾ ಕುಡಿಯುತ್ತ ನೋಡುವುದು, ಮೂಗು ಮುರಿಯುವುದು.

ನಾನೇನು ಸಾಮಾನ್ಯನೇ? ಬೀಜದ ಕಂಪನಿಯೊಂದರ ಸೇಲ್ಸ್ ಅಧಿಕಾರಿ! ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ, ಅಸುಂಡಿಯಿಂದ ಅಡರಕಟ್ಟಿಯವರೆಗೆ, ಯಾರ ಮಾತನ್ನೂ ನಂಬದ ರೈತರನ್ನು ಕಟ್ಟೆಯ ಮೇಲೆ ಕೂಡಿಸಿ ಹತ್ತಿ ಬೀಜದ ಗುಣಗಾನ ಮಾಡಿದವನು. ಒಂಬತ್ತು ವರ್ಷದ ಹುಡುಗಿಗೆ ಭಿನ್ನರಾಶಿ ಹೇಳಿಕೊಡಲಾರೆನೇ?

“ನಿಮಗ ತಾಳ್ಮಿ ಐತೇನ್ರಿ?” ಎಂದಳು ನನ್ನ ಹೆಂಡತಿ ನೀಲಾ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಮ್ಮ ಬೆಟಗೇರಿಯೆಲ್ಲ ಮನೆಯಲ್ಲಿ ಕುಳಿತಾಗಲೂ ದಿನಾ ಬೆಳಿಗ್ಗೆ ಎಂಟಕ್ಕೆ ಹೊರಡಲೇಬೇಕಾದವಳು. “ಮುಂಜಾನಿ ಒಂದ ಸಾಕ್ಸ್ ಸಿಗಲಿಲ್ಲ ಅಂದ್ರ ಮನಿ ತಲಿ ಮ್ಯಾಲ ಹೊತ್ಕೊಂಡು ಕುಣಿತೀರಿ. ನೀವು ಕಲಸ್ತೀರಿ?”

ಈ ಅವಮಾನಕ್ಕೆ ಉತ್ತರವಾಗಿ ನಾನು ಆಗಲೇ ಪಾಲಕರ ಗುಂಪಿಗೆ ಸಂದೇಶ ಹಾಕಿದೆ. “ಮೇಡಮ್, ನಿಮ್ಮ ವಿಡಿಯೊ ನಮಗೆ ಬೇಡ. ಪ್ರಿಯಾಂಕಾಳಿಗೆ ಇನ್ನು ನಾನೇ ಕಲಿಸುತ್ತೇನೆ. ತಿಂಗಳಾದ ಮೇಲೆ ಎಲ್ಲರೆದುರು ಪರೀಕ್ಷೆ ಮಾಡಿ. ಅವಳು ತಪ್ಪಿದರೆ ಇದೇ ಗುಂಪಿನಲ್ಲಿ ಕ್ಷಮೆ ಕೇಳುತ್ತೇನೆ!”

ನಲವತ್ತೆರಡು ಮಂದಿ ಪಾಲಕರು ಓದಿದರು. ಮೇಡಮ್ ಮಾತ್ರ ಬರೆದರು: “ಸರಿ ಸರ್. ಒಳ್ಳೆಯದಾಗಲಿ.” ಶರಣಾಗತಿ ಎಂದು ನಾನು ಮೀಸೆ ತಿರುವಿದೆ. ಆಪರೇಷನ್‌ಗೆ ಒಳಗೆ ಹೋಗುವವರಿಗೆ ಜನ ಹೇಳುವ ಮಾತು ಅದು ಎಂದು ಆಗ ಹೊಳೆಯಲಿಲ್ಲ.

ಖುಷಿಯಾಗದಿದ್ದದ್ದು ಪ್ರಿಯಾಂಕಾಳಿಗೆ. “ನನ್ನ ಹೆಸರ ಯಾಕ ಹಾಕಿದಿ ಅಪ್ಪಾ? ಕ್ಷಮಾ ನೀ ಕೇಳ್ತಿ, ಮಂದಿ ನಗೂದು ನನ್ನ ನೋಡಿ.”

“ನಗೂ ಮಾತ ಎಲ್ಲಿಂದ ಬಂತು? ಕಲಸಾಂವ ನಾನದೀನಿ!” ಎಂದು ಬೆನ್ನು ತಟ್ಟಿದೆ.

ಗೋಡೆಗೆ ವೇಳಾಪಟ್ಟಿ ಅಂಟಿತು. ಹತ್ತಕ್ಕೆ ಗಣಿತ, ಹನ್ನೊಂದಕ್ಕೆ ಕನ್ನಡ, ಹನ್ನೆರಡಕ್ಕೆ ಪರಿಸರ. ನನ್ನ ಪಟ್ಟಿಯಲ್ಲಿ ಇಲ್ಲದೇ ಹೋದದ್ದು ಒಂದೇ, ನನ್ನ ನೌಕರಿ! ಹತ್ತಕ್ಕೆ ಡೀಲರುಗಳ ಫೋನು, ಹನ್ನೊಂದಕ್ಕೆ ಹುಬ್ಬಳ್ಳಿಯ ಸಾಹೇಬರ ಮೀಟಿಂಗು, ಹನ್ನೆರಡಕ್ಕೆ ಆ ಮೀಟಿಂಗಿನಲ್ಲಿ ಬೈಸಿಕೊಂಡದ್ದನ್ನು ಡೀಲರುಗಳಿಗೆ ದಾಟಿಸುವ ಫೋನು. ಮೊದಲ ವಾರವೆಲ್ಲ ನನ್ನ ಪಾಠ ಎರಡೇ ಶಬ್ದದ್ದು: “ಸುಮ್ಮನ ಬರಿ.” ಏನು ಬರೆಯಬೇಕು ಎಂದು ಅವಳು ಕೇಳಿದರೆ ಬಾಯಿಗೆ ಬೆರಳಿಟ್ಟು ಫೋನು ತೋರಿಸುತ್ತಿದ್ದೆ.

ಎರಡನೇ ವಾರ ಭಿನ್ನರಾಶಿಗೆ ಬಂದೆವು. ಪುಸ್ತಕದಲ್ಲಿ ಒಂದು ವೃತ್ತ, ಅದನ್ನು ನಾಲ್ಕು ಮಾಡುವ ಎರಡು ಗೀಟು. ನನಗೆ ನಗು ಬಂತು. ಚಿತ್ರ ನೋಡಿ ಕಲಿತದ್ದು ಕಲಿಕೆಯೇ? ಪ್ರಾತ್ಯಕ್ಷಿಕೆ ಬೇಕು, ಪ್ರಾತ್ಯಕ್ಷಿಕೆ! ನೇರವಾಗಿ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಬುಟ್ಟಿಯ ತುಂಬ ನಲವತ್ತು ರೊಟ್ಟಿ, ಮೇಲೊಂದು ಬಿಳಿ ಅರಿವೆ. ನೀಲಾಗೆ ರೊಟ್ಟಿ ಬಡಿಯಲು ಹೊತ್ತಿಲ್ಲವೆಂದು ನನ್ನ ಅತ್ತೆ ದೇವವ್ವ ಕೋಟುಮಚಗಿಯಿಂದ ವಾರಕ್ಕೊಮ್ಮೆ ಕಳಿಸುತ್ತಿದ್ದ ಸಂಪತ್ತು ಅದು. ಬುದ್ಧಿ ನೆಟ್ಟಗಿರುವವನು ಒಂದು ಕಾಗದ ಮಡಚಿ ತೋರಿಸುತ್ತಿದ್ದ. ನಾನು ಆರಿಸಿಕೊಂಡದ್ದು ಖಡಕ್ ರೊಟ್ಟಿಯನ್ನು!

“ನೋಡವಾ, ಇದು ಪೂರ್ತಿ ಒಂದು. ಈಗ ಇದನ್ನ ಎರಡು ಸಮ ಭಾಗ ಮಾಡೂಣು.” ಎರಡೂ ಕೈಯಲ್ಲಿ ಹಿಡಿದು ಒತ್ತಿದೆ. ಫಟ್! ಹನ್ನೊಂದು ಚೂರು.

“ಅಪ್ಪಾ, ಇದರಾಗ ಅರ್ಧ ಯಾವುದು?”

“ಈ ರೊಟ್ಟಿ ಸರಿ ಇಲ್ಲ. ಇನ್ನೊಂದು ತೊಗೊಂಬಾ.”

ಎರಡನೆಯದು ಏಳು ಚೂರು ಮತ್ತು ಒಂದು ಮುಷ್ಟಿ ಪುಡಿ. ಮೂರನೆಯದಕ್ಕೆ ಚಾಕು ಹಚ್ಚಿದೆ, ಅದು ಚಾಕುವಿಗೇ ಹೆದರಿ ಒಡೆಯಿತು. ನಾಲ್ಕನೆಯದಕ್ಕೆ ನೀರು ಚಿಮುಕಿಸಿದೆ. ನೀರು ಹೆಚ್ಚಾಗಿ ಅದು ಕೈಯಲ್ಲೇ ಹರಿದು ಜೋತುಬಿತ್ತು. ಐದನೆಯದಕ್ಕೆ ಕಬ್ಬಿಣ ಕೊಯ್ಯುವ ಹೆಕ್ಸಾ ಬ್ಲೇಡು ತಂದೆ. ಹಟ ಎಂಬುದು ನನ್ನ ರಕ್ತದಲ್ಲೇ ಇದೆ. ಒಂದೇ ಒಂದು ರೊಟ್ಟಿ ಸರಿಯಾಗಿ ನಾಲ್ಕು ಭಾಗವಾಗಲಿ, ಈ ಶಿಕ್ಷಣ ಇಲಾಖೆಗೆ ತೋರಿಸುತ್ತೇನೆ ಎಂದು ಹಲ್ಲು ಕಡಿದೆ. ಇಪ್ಪತ್ತನೆಯ ರೊಟ್ಟಿಗೆ ಫೋನು ಬಡಿದುಕೊಂಡಿತು. ಹುಬ್ಬಳ್ಳಿಯ ವಿರೂಪಾಕ್ಷಪ್ಪ ಸಾಹೇಬರು!

“ಏನ್ರಿ ಸುಭಾಷ, ಮುಂಡರಗಿ ಭಾಗದ ರೈತರ ಪಟ್ಟಿ ಎಲ್ಲಿಗೆ ಬಂತು?”

ಪಟ್ಟಿ ಎಲ್ಲಿಗೂ ಬಂದಿರಲಿಲ್ಲ. ಅದಿನ್ನೂ ಹುಟ್ಟಿಯೇ ಇರಲಿಲ್ಲ. “ಮುಗದಂಗ ಐತ್ರಿ ಸರ್! ಕಡೀ ಹಂತದಾಗ ಐತಿ!”

“ಹಂಗಾರ ಆಗಿದ್ದಷ್ಟರ ಕಳಸ್ರಿ.”

“ನಿನ್ನಿನ ಕಳಸಿದ್ದೆ ಸರ್, ನೆಟ್‌ವರ್ಕ್ ಕೈ ಕೊಡ್ತು. ನಾಳಿ ಮುಂಜಾನೆ ನಿಮ್ಮ ಮುಂದ ಇರ್ತೈತಿ!”

ಮಾತಿನ ಭರದಲ್ಲಿ ಇನ್ನೊಂದು ರೊಟ್ಟಿ ಒತ್ತಿದೆ. ಫಟ್!

“ಏನ್ರಿ ಅದು ಸಪ್ಪಳ?”

“ಸಿಡ್ಲು ಸರ್. ಜೋರ ಮಳಿ.”

“ಇಲ್ಲಿ ಕಡಕ್ ಬಿಸಲ ಐತೆಲ್ರಿ!”

“ಬೆಟಗೇರ್ಯಾಗ ಅಷ್ಟ ಐತ್ರಿ ಸರ್. ಅದೂ ನಮ್ಮ ಓಣ್ಯಾಗ ಅಷ್ಟ.”

ಪ್ರಿಯಾಂಕಾ ಪಾಟಿಯ ಮೇಲೆ ತಲೆ ಬಾಗಿಸಿ ಕಿವಿ ನೆಟ್ಟಗೆ ಮಾಡಿ ಕುಳಿತಿದ್ದಳು. ಎಂಥ ಏಕಾಗ್ರತೆ ಎಂದು ನನಗೆ ಹೆಮ್ಮೆಯಾಯಿತು.

ಸಂಜೆ ಐದಕ್ಕೆ ನೀಲಾ ಬಂದಳು. ಹಿತ್ತಲಲ್ಲಿ ಸ್ನಾನ ಮಾಡಿ, ಹಸಿದು, ಬುಟ್ಟಿಯ ಅರಿವೆ ಸರಿಸಿದಳು.

“ಮನಿಗೆ ಯಾವ ಪ್ರಾಣಿ ಬಂದಿತ್ರಿ?”

“ಭಿನ್ನರಾಶಿ ನೀಲಾ. ಪ್ರಾತ್ಯಕ್ಷಿಕಿ.”

“ಎಂಟ ತಾಸ ಆ ಮಾಸ್ಕ ಹಾಕ್ಕೊಂಡು ನಿಂತ ಬಂದೀನಿ. ನಮ್ಮವ್ವ ಒಲಿ ಮುಂದ ಕುಂತು ನಲವತ್ತ ರೊಟ್ಟಿ ಬಡದಾಳ. ನೀವು ಒಂದ ಮುಂಜಾನ್ಯಾಗ ನಲವತ್ತನ್ನೂ ನುಚ್ಚ ಮಾಡಿರಿ! ಇಷ್ಟ ಆದಮ್ಯಾಲೆ ಆಕಿಗೆ ಅರ್ಧ ಅಂದ್ರೇನ ಅಂತ ತಿಳೀತೇನ?”

“ತಿಳದಂಗ ಐತಿ,” ಎಂದೆ. ಆ ವಾರವಿಡೀ ನಾವು ರೊಟ್ಟಿಯ ಪುಡಿಗೆ ಮೊಸರು ಕಲಸಿ ಚಮಚದಲ್ಲಿ ತಿಂದೆವು.

ತಿಂಗಳು ಮುಗಿಯಿತು. ಅಷ್ಟೊತ್ತಿಗೆ ಶಿಕ್ಷಕರು ಓಣಿ ಓಣಿಗೆ ಬಂದು ಬಯಲಲ್ಲೇ ಪಾಠ ಮಾಡತೊಡಗಿದ್ದರು. ನಮ್ಮ ಓಣಿಯ ಬೇವಿನ ಗಿಡದ ಕೆಳಗೆ ಮಕ್ಕಳು ದೂರ ದೂರ ಕುಳಿತರು. ಪಾಲಕರು ಮಾಸ್ಕಿನ ಹಿಂದೆ ನಿಂತರು, ಕಣ್ಣುಗಳು ಮಾತ್ರ ನನ್ನ ಮೇಲೆ. ಮಗ್ಗದ ಕೆಲಸದ ಮಕ್ತುಮಸಾಬರು ಒಂದು ಖುರ್ಚಿಯನ್ನೇ ತಂದಿಟ್ಟರು. “ಬರ್ರಿ ಮಾಸ್ತರ, ಕುಂಡ್ರಿ!” ನಾನು ಗಂಭೀರವಾಗಿ ಕುಳಿತೆ. ಮೂರ್ಖನಿಗೆ ಖುರ್ಚಿ ಸಿಕ್ಕರೆ ಬಿಡುವುದುಂಟೆ?

ಫರ್ಹಾನಾ ಮೇಡಮ್ ಮೆತ್ತಗೆ ಕೇಳಿದರು. “ಪ್ರಿಯಾಂಕಾ, ಒಂದ ರೊಟ್ಟಿ ಐತಿ, ನಾಕ ಮಂದಿ ಅದಾರ. ಸಮ ಹಂಚಿದ್ರ ಒಬ್ಬೊಬ್ಬರಿಗೆ ಎಷ್ಟ ಬರತೈತಿ?”

“ಯಾವ ರೊಟ್ಟಿ ಮೇಡಮ್? ಮೆತ್ತಂದೋ, ಖಡಕ್ಕೋ?”

“ಯಾವುದರ ಇರಲಿ ಕೂಸ.”

“ಹಂಗ ಆಗಂಗಿಲ್ಲ ಮೇಡಮ್. ಖಡಕ್ ಇತ್ತಂದ್ರ ಸಮ ಆಗೂದ ಇಲ್ಲ. ದೊಡ್ಡ ಚೂರ ಅಪ್ಪ ತಿಂತಾನ. ಪುಡಿ ಅವ್ವಗ ಉಳೀತೈತಿ.”

ಹೆಣ್ಣುಮಕ್ಕಳ ಸಾಲಿನಿಂದ ನಗೆ ಎದ್ದಿತು. ಆ ಸಾಲಿನಲ್ಲಿ ನೀಲಾಳೂ ಇದ್ದಳು. ಅವಳ ಮಾಸ್ಕು ಎಲ್ಲರಿಗಿಂತ ಹೆಚ್ಚು ಅಲುಗುತ್ತಿತ್ತು.

“ಆತು, ಅದನ್ನ ಬಿಡು. ಏಳರ ಮಗ್ಗಿ ಹೇಳು.”

ಪ್ರಿಯಾಂಕಾ ನನ್ನತ್ತ ನೋಡಿದಳು. ಏಳರ ಮಗ್ಗಿಯನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿಸಿರಲಿಲ್ಲ. ಅವಳು ಉಗುಳು ನುಂಗಿ, ಸೆಟೆದು ನಿಂತು, ಹೇಳಿಯೇ ಬಿಟ್ಟಳು: “ಮುಗದಂಗ ಐತ್ರಿ ಮೇಡಮ್. ಕಡೀ ಹಂತದಾಗ ಐತಿ.”

“ಹಂಗಾರ ಬಂದಷ್ಟು ಹೇಳು.”

“ನಿನ್ನಿನ ಹೇಳಿದ್ದೆ ಮೇಡಮ್, ನೆಟ್‌ವರ್ಕ್ ಕೈ ಕೊಡ್ತು. ನಾಳಿ ಮುಂಜಾನೆ ನಿಮ್ಮ ಮುಂದ ಇರ್ತೈತಿ!”

ಬೇವಿನ ಗಿಡದ ಹಕ್ಕಿಗಳು ಹಾರಿಹೋಗುವಷ್ಟು ಜೋರಾಗಿ ಓಣಿ ನಕ್ಕಿತು. ಮಕ್ತುಮಸಾಬರು ನನ್ನ ಖುರ್ಚಿಯ ಬೆನ್ನನ್ನೇ ಹಿಡಿದುಕೊಂಡು ನಕ್ಕರು. ಪ್ರಿಯಾಂಕಾ ಮಾತ್ರ ನಗಿಸಲು ಹೇಳಿರಲಿಲ್ಲ. ಅವಳ ಗದ್ದ ನಡುಗಿತು, ಕಣ್ಣು ತುಂಬಿತು. ಒಂದು ತಿಂಗಳು ನನ್ನ ಮಗ್ಗುಲಲ್ಲಿ ಕೂತು ಅವಳು ಕಲಿತದ್ದು ಇಷ್ಟು, ಕಲಿಸಿದವನು ನಾನು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ನಗದೇ ಇದ್ದವರು ಮೇಡಮ್ ಒಬ್ಬರೇ. “ತಪ್ಪ ನಿಂದಲ್ಲ ಕೂಸ, ಇಲ್ಲಿ ಬಾ,” ಎಂದು ತಮ್ಮ ಹತ್ತಿರವೇ ಕೂಡಿಸಿಕೊಂಡು, ಏಳರ ಮಗ್ಗಿಯನ್ನು ಒಂದರಿಂದ ಶುರು ಮಾಡಿದರು.

ಮನೆಗೆ ಬಂದವನೇ ಕ್ಷಮೆ ಬರೆಯಲು ಕುಳಿತೆ. ನೀಲಾ ತಡೆದಳು. “ಬರೆಯೂದ ಬ್ಯಾಡ. ಬರದ್ರ ಹೆಂಡ್ತಿ ಬರದಾಳ ಅಂತಾರ. ಬಾಯ್ಲೆ ಹೇಳಿ ಧ್ವನಿ ಕಳಸ್ರಿ.” ಫೋನನ್ನು ತಾನೇ ಹಿಡಿದು ಗುಂಡಿ ಒತ್ತಿದಳು. ನಾನು ಗಂಟಲು ಸರಿಮಾಡಿಕೊಂಡೆ.

“ಮಾನ್ಯ ಪಾಲಕರೇ, ಕಂಪನಿಯ ಕೆಲಸದ ಒತ್ತಡ ಮತ್ತು ಹವಾಮಾನದ ವೈಪರೀತ್ಯದ ಕಾರಣದಿಂದ...”

“ಅಪ್ಪಾ, ಸುಳ್ಳ ಬ್ಯಾಡ,” ಎಂದಳು ಪಕ್ಕದಲ್ಲಿ ನಿಂತಿದ್ದ ಪ್ರಿಯಾಂಕಾ.

“ಮತ್ತೇನಂತ ಹೇಳ್ಲಿ?”

“ನನಗ ಕಲಸಾಕ ಬರಲಿಲ್ಲ, ಅನ್ನು.”

“ನನಗ... ಕಲಸಾಕ...”

“ಜೋರ ಹೇಳು.”

“ನನಗ ಕಲಸಾಕ ಬರಲಿಲ್ಲ!”

“ನಗೂದಿದ್ರ ನನ್ನ ನೋಡಿ ನಗ್ರಿ, ನನ್ನ ಮಗಳನ್ನ ನೋಡಿ ನಗಬ್ಯಾಡ್ರಿ, ಅನ್ನು.”

ಅದನ್ನೂ ಅಂದೆ. “ಈಗ ಇದನ್ನ ಅಳಸು ನೀಲಾ, ಚಂದಂಗ ಇನ್ನೊಮ್ಮೆ ಹೇಳ್ತೀನಿ,” ಎಂದು ಕೈ ಚಾಚುವಷ್ಟರಲ್ಲಿ ಅವಳು ಕಳಿಸಿಯೇ ಬಿಟ್ಟಿದ್ದಳು. “ಇದ ಬರೋಬ್ಬರಿ ಐತಿ,” ಎಂದಳು. ಮಗಳು ಹೇಳಿಕೊಟ್ಟದ್ದು, ನಾನು ಒಪ್ಪಿಸಿದ್ದು, ಎಲ್ಲವೂ ನಲವತ್ತೆರಡು ಮನೆ ತಲುಪಿತು.

ಎರಡೇ ನಿಮಿಷಕ್ಕೆ ಫರ್ಹಾನಾ ಮೇಡಮ್ ಅವರ ಉತ್ತರ ಬಂತು: “ಉತ್ತರ ಸರಿಯಾಗಿದೆ. ಹತ್ತು ಸಲ ಬರೆದು ಆರು ಗಂಟೆಯೊಳಗೆ ಫೋಟೊ ಹಾಕಿ.”

ಪ್ರಿಯಾಂಕಾ ತನ್ನ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು. ಬರೆದೆ. ಕೈ ಸೋತು ಬಂತು. ಇಷ್ಟು ಸಾಕೆಂದು ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದೆ.

ಮಗಳು ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದಳು.

“ಎಂಟ ಅದಾವು ಅಪ್ಪಾ. ಕುಂಡ್ರು.”