ಸಾಸಿವೆಯನ್ನು ಡೌನ್ ಮಾಡಿದ್ದು

ಫೋನು ಬಂದಾಗ ಗಾಬರಿರಾಯನ ಒಂದು ಕೈಯಲ್ಲಿ ಬೆಕ್ಕಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಪೊರಕೆ ಇತ್ತು. ದೇವರು ಮೂರನೆಯ ಕೈ ಕೊಟ್ಟಿರಲಿಲ್ಲವಾಗಿ ಫೋನನ್ನು ಗದ್ದಕ್ಕೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ. ಆ ದಿನದ ರಾದ್ಧಾಂತಕ್ಕೆಲ್ಲ ಆ ಭುಜವೇ ಕಾರಣವೆಂದು ಅವನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಅತ್ತ ಕಡೆಯಿಂದ ಡಾಕ್ಟ್ರಮ್ಮನ ದನಿ ಲಾರಿಯ ಹಾರನ್ನಿನೊಳಗೆ ಮುಳುಗುತ್ತ ಏಳುತ್ತ ಬಂತು.

"ಸಾಸಿವೆ... ದಟ್ ಬಿಗ್ ಡಾಗ್... ಪುಟ್ ಹಿಮ್ ಡೌನ್ ಫ... ಫೋರ್ ಓ ಕ್ಲಾಕ್. ಓಕೆ?"

"ಓಕೆ ಮೇಡಂ," ಎಂದ ಗಾಬರಿರಾಯ. ಫೋನು ಕಟ್ಟಾಯಿತು.

ಪ್ರಾಣಿಗಳ ಆಸ್ಪತ್ರೆಯೊಂದರ ಮುಂದಿನ ಮೇಜಿನಲ್ಲಿ ಕೂರುವ ಗುಮಾಸ್ತ ಅವನು. ಬಂದವರ ಹೆಸರು ಬರೆದುಕೊಳ್ಳುವುದು, ಸರದಿ ಕೂಗುವುದು, ಬೆಕ್ಕಿಗೂ ನಾಯಿಗೂ ನಡುವೆ ಗೋಡೆಯಂತೆ ನಿಲ್ಲುವುದು ಅವನ ಕೆಲಸ. ಬಾಗಿಲು ಕಿರ್ರೆಂದರೂ ಎದೆ ಹಿಡಿದುಕೊಳ್ಳುವವನಾದ್ದರಿಂದ ಬೀದಿಯವರು ಅವನಿಗೆ ಗಾಬರಿರಾಯ ಎಂದು ಹೆಸರಿಟ್ಟಿದ್ದರು. ಹಳೆಯ ಡಾಕ್ಟರು ಇದ್ದಷ್ಟು ದಿನ ಅವನ ಬದುಕು ನೆಟ್ಟಗಿತ್ತು. ಹೊಸದಾಗಿ ಬಂದ ಡಾಕ್ಟ್ರಮ್ಮ ಮಾತ್ರ ಅವನೊಡನೆ ಇಂಗ್ಲಿಷ್ ಬಿಟ್ಟು ಇನ್ನೊಂದು ಮಾತಾಡುತ್ತಿರಲಿಲ್ಲ. ಅವನ ಇಂಗ್ಲಿಷೋ, ಹಳೇ ಸೈಕಲ್ಲಿನಂಥದು. ಇಳಿಜಾರಿನಲ್ಲಿ ತಾನಾಗಿ ಓಡುತ್ತಿತ್ತು, ಏರು ಬಂದರೆ ಇಳಿದು ತಳ್ಳಬೇಕಿತ್ತು.

ಆದರೂ 'ಪುಟ್' ಗೊತ್ತಿತ್ತು, 'ಡೌನ್' ಗೊತ್ತಿತ್ತು. ಹೆದರುವಂಥದ್ದೇನೂ ಇರಲಿಲ್ಲ. ಸಾಸಿವೆ ಎಂಬುದು ಅವನು ಬಾಡಿಗೆಗಿದ್ದ ಮನೆಯ ಒಡತಿಯ ನಾಯಿ. ಹೆಸರು ಸಾಸಿವೆ, ಗಾತ್ರ ಕರುವಿನದು. ಆಕೆ ಅದೇ ಊರಿನ ತಂಗಿಯ ಮನೆಗೆ ಹೋಗುವಾಗ ಅದನ್ನು ಆಸ್ಪತ್ರೆಯಲ್ಲಿ ಬಿಟ್ಟಿದ್ದಳು. ಅದೀಗ ಪರೀಕ್ಷೆಯ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ಮಾವನ ಮನೆಗೆ ಬಂದ ಅಳಿಯನಂತೆ ಮೈಚಾಚಿ ಮಲಗಿತ್ತು.

"ಅಷ್ಟೇ ತಾನೇ, ಕೆಳಗಿಳಿಸಬೇಕು," ಎಂದುಕೊಂಡು ಗಾಬರಿರಾಯ ಅದನ್ನು ತಬ್ಬಿ ಎತ್ತಿದ. ಸೊಂಟದಲ್ಲಿ ಏನೋ 'ಟಕ್' ಎಂದಿತು. ನಾಯಿಯನ್ನು ನೆಲಕ್ಕಿಟ್ಟ. ಅವನು ಸೊಂಟ ನೇರ ಮಾಡುವಷ್ಟರಲ್ಲಿ ಅದು ಮತ್ತೆ ಮೇಜಿನ ಮೇಲಿತ್ತು. ಮತ್ತೆ ಇಳಿಸಿದ. ಮತ್ತೆ ಹತ್ತಿತು.

ಔಷಧಿ ಕೋಣೆಯಿಂದ ಕಾಂಪೌಂಡರು ಇಣುಕಿದ. "ಏನ್ ಗುರುವೇ, ನಾಯಿ ಜೊತೆ ಕುಸ್ತಿನಾ?"

"ಡಾಕ್ಟ್ರಮ್ಮ ಹೇಳಿದಾರಪ್ಪ. ನಾಲ್ಕು ಗಂಟೆ ತನಕ ಇದನ್ನ ಡೌನ್ ಇಡಬೇಕಂತೆ."

"ಡೌನಾ? ಸರಿಯಾಗಿ ಏನಂದ್ರು ಹೇಳಿ."

"ಪುಟ್ ಹಿಮ್ ಡೌನ್, ಫೋರ್ ಓ ಕ್ಲಾಕ್."

ಕಾಂಪೌಂಡರ ಮುಖದ ನಗೆ ಆರಿತು. ಅವನು ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ಅಯ್ಯೋ ಪಾಪ, ನಿನ್ನೆ ಅದರ ರಕ್ತ ತೆಗೆದು ನೋಡ್ತಾ ಇದ್ರು. ಮುಖ ಒಂಥರಾ ಇತ್ತು. ನಂಗೆ ಆಗಲೇ ಅನ್ನಿಸ್ತು."

"ಏನನ್ನಿಸ್ತು?"

"ನನ್ನ ಬಾಯಲ್ಲಿ ಹೇಳಿಸ್ಬೇಡಿ. ಮಹಡಿ ಮೇಲೆ ಮೇಷ್ಟ್ರಿದಾರಲ್ಲ, ಕೇಳಿ."

ಮಹಡಿಯ ಮೇಲೆ ಇಂಗ್ಲಿಷ್ ಪಾಠ ಹೇಳುವ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. ಗ್ರಾಮರ್ ಮೇಷ್ಟ್ರೆಂದೇ ಪ್ರಸಿದ್ಧರು. ಯಾರಾದರೂ ಒಂದು ಪದದ ಅರ್ಥ ಕೇಳಿದರೆ ಆ ಪದದ ಅಜ್ಜ ಮುತ್ತಜ್ಜನಿಂದ ಶುರು ಮಾಡುತ್ತಿದ್ದರು.

ಗಾಬರಿರಾಯ ಮಹಡಿಗೆ ಓಡಿ 'ಪುಟ್ ಡೌನ್' ಅಂದರೇನೆಂದು ಕೇಳಿದ. "ಕೂತ್ಕೊಳಯ್ಯ," ಎಂದರು ಮೇಷ್ಟ್ರು. "ಈ ಇಂಗ್ಲಿಷ್ ಕ್ರಿಯಾಪದ ಇದೆಯಲ್ಲ, ಅದು ಗಂಡಸಿನ ಥರ. ಒಬ್ಬನೇ ಇದ್ದಾಗ ಒಂದು ಬುದ್ಧಿ, ಪಕ್ಕದಲ್ಲಿ ಯಾರು ನಿಂತ್ರು ಅನ್ನೋದರ ಮೇಲೆ ಇನ್ನೊಂದು ಬುದ್ಧಿ. ಪುಟ್ ಆನ್ ಅಂದ್ರೆ ತೊಟ್ಕೊ. ಪುಟ್ ಆಫ್ ಅಂದ್ರೆ ಮುಂದಕ್ಕೆ ಹಾಕು. ಪುಟ್ ಔಟ್ ಅಂದ್ರೆ ಬೆಂಕಿ ಆರಿಸು. ಪುಟ್ ಅಪ್ ವಿತ್ ಅಂದ್ರೆ ಸಹಿಸ್ಕೊ, ನಾನು ನಿನ್ನನ್ನ ಸಹಿಸ್ಕೊಂಡಿಲ್ವಾ, ಹಾಗೆ."

"ಸಾರ್, ಡೌನ್ ಹೇಳಿ ಸಾರ್, ಡೌನು!"

"ಅವಸರ ಮಾಡ್ಬೇಡ. ಪ್ರಾಣಿ ಡಾಕ್ಟರು, ಪ್ರಾಣಿಯ ವಿಷಯಕ್ಕೆ, ಪುಟ್ ಡೌನ್ ಅಂದ್ರೆ ಒಂದೇ ಅರ್ಥ. ಸೂಜಿ ಚುಚ್ಚಿ ಮುಗಿಸಿಬಿಡೋದು."

ಗಾಬರಿರಾಯನಿಗೆ ಕುರ್ಚಿಯೂ ಜೊತೆಗೆ ಡೌನ್ ಆದಂತಾಯಿತು. "ಕೆಳಗಿಡು ಅನ್ನೋದು ಕೊಲ್ಲು ಅಂತ ಹೇಗಾಗುತ್ತೆ ಸಾರ್? ಇದೇನು ಭಾಷೆನಾ, ಕಸಾಯಿಖಾನೆನಾ?"

"ಯಾಕೆ, ನಮ್ಮಲ್ಲಿ ಇಲ್ವಾ? ನಿಮ್ಮ ತಾತ ಹೋದರು ಅಂದ್ರೆ ಸಂತೆಗೆ ಹೋಗಿರಬಹುದು. ತಾತ ಹೋಗಿಬಿಟ್ಟರು ಅಂದ್ರೆ? ಒಂದು 'ಬಿಟ್ಟ'ಕ್ಕೆ ಮುದುಕರ ಜೀವ ಹೋಗುತ್ತೆ ನಮ್ಮಲ್ಲಿ. ಅವರಲ್ಲಿ ಒಂದು 'ಡೌನ್'ಗೆ ನಾಯಿ ಜೀವ ಹೋಗುತ್ತೆ."

ಮೆಟ್ಟಿಲನ್ನು ಎರಡೆರಡಾಗಿ ಇಳಿದ ಗಾಬರಿರಾಯ ಡಾಕ್ಟ್ರಮ್ಮನಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಅವರು ಹೋಗಿದ್ದ ಊರಾಚೆಯ ಡೈರಿಯಲ್ಲಿ ಹಸುವೊಂದು ಈಯಲಾರದೆ ಒದ್ದಾಡುತ್ತಿತ್ತು. ಮೊಣಕೈವರೆಗೆ ಹಸುವಿನೊಳಗಿರುವವರು ಫೋನು ಎತ್ತುವುದಾದರೂ ಹೇಗೆ? ಕೊನೆಗೆ ಹೆಂಡತಿಗೆ ಮಾಡಿದ.

"ಏನ್ರೀ, ಸಾಸಿವೇನಾ?" ಎಂದು ಆಕೆ ಚೀರಿದಳು. "ಮನೆಯಮ್ಮನಿಗೆ ಮಕ್ಕಳೋ ಮರಿಯೋ, ಇರೋದೆಲ್ಲ ಆ ನಾಯಿ ಒಂದೇ. ಅದು ನಿಮ್ಮ ಆಸ್ಪತ್ರೇಲಿ, ನಿಮ್ಮ ಕಣ್ಣೆದುರಿಗೆ ಸತ್ತರೆ ನಮ್ಮ ಪಾತ್ರೆ ಪಡಗ ಎಲ್ಲಾ ನಾಳೆ ಬೀದೀಲಿರುತ್ತೆ!"

"ನಾನೇನು ಮಾಡ್ಲೇ? ಡಾಕ್ಟ್ರು ಹೇಳಿದ ಮೇಲೆ?"

"ಹುಟ್ಟಿದ್ದಕ್ಕೆ ಒಂದು ದಿನನಾದ್ರೂ ಧೈರ್ಯ ಮಾಡ್ರೀ!"

ಒಳಗಿನಿಂದ ಗಾಜಿನ ಸೀಸೆಗಳ ಸದ್ದು ಕೇಳಿಸಿತು. ಕಾಂಪೌಂಡರು ಬೀಗದ ಬೀರು ತೆರೆದು, ಮೂಗೊರೆಸಿಕೊಳ್ಳುತ್ತ, ಎಲ್ಲಕ್ಕಿಂತ ದಪ್ಪನೆಯ ಸಿರಿಂಜನ್ನು ಹುಡುಕುತ್ತಿದ್ದ. ಸಾಸಿವೆ ಮೇಜಿನ ಮೇಲಿಂದ ತಲೆ ಎತ್ತಿ ಗಾಬರಿರಾಯನನ್ನು ನೋಡಿ ಬಾಲ ಬಡಿಯಿತು. ಅವನನ್ನು ಕಂಡು ಸಂತೋಷಪಡುವ ಜೀವ ಆ ಆಸ್ಪತ್ರೆಯಲ್ಲಿ ಅದೊಂದೇ.

"ಬಾರೋ ಮಗನೇ. ಸಾಯೋದಿದ್ರೆ ಇಬ್ಬರೂ ಒಟ್ಟಿಗೆ," ಎಂದ.

ಹಿಂಬಾಗಿಲಿನಿಂದ ಹೊರಟರೆ ಬೀದಿಯವರ ಕಣ್ಣಿಗೆ ಬೀಳಬೇಕು. ಉಳಿದದ್ದು ಮಹಡಿ. ಆದರೆ ಸಾಸಿವೆಗೆ ಮೆಟ್ಟಿಲು ಹತ್ತುವುದೆಂದರೆ ಆಗದು. ಮೊದಲ ಮೆಟ್ಟಿಲಲ್ಲೇ ಕುಳಿತುಬಿಟ್ಟಿತು. ಎಳೆದ, ಬೇಡಿದ, ಬಿಸ್ಕತ್ತು ತೋರಿಸಿದ. ನಾಯಿ ಬಿಸ್ಕತ್ತು ತಿಂದು ಅಲ್ಲೇ ಕುಳಿತಿತು. ಕೊನೆಗೆ ಮೂಟೆಯಂತೆ ಹೆಗಲಿಗೇರಿಸಿಕೊಂಡ. ಮೊದಲು 'ಟಕ್' ಎಂದಿದ್ದ ಸೊಂಟ ಈಗ 'ಟಕಟಕ' ಎಂದಿತು.

"ಇದೇನಯ್ಯಾ ಇದು?" ಎಂದರು ಮೇಷ್ಟ್ರು, ಪಾಠದ ಕೋಣೆಗೆ ಬಂದ ಕರುವನ್ನು ನೋಡಿ.

"ಕೈ ಮುಗೀತೀನಿ ಸಾರ್. ಡಾಕ್ಟ್ರಮ್ಮನ ಕಾಲು ಹಿಡಿದು ನಾನೇ ಬೇಡ್ಕೋತೀನಿ. ಅಲ್ಲಿ ತನಕ ಬಚ್ಚಿಟ್ಕೊಳ್ಳಿ."

"ಬಚ್ಚಿಡೋದು ಅಂದ್ರೆ ಹೈಡ್. ಅದಕ್ಕೂ ಹೈಡ್ ಫ್ರಮ್, ಹೈಡ್ ಔಟ್..." ಎಂದು ಮೇಷ್ಟ್ರು ಆರಂಭಿಸುವಷ್ಟರಲ್ಲಿ ಗಾಬರಿರಾಯ ಬಾಗಿಲೆಳೆದುಕೊಂಡು ಇಳಿದಾಗಿತ್ತು.

ಕೆಳಗೆ ಟ್ಯಾಕ್ಸಿ ನಿಂತಿತ್ತು. ಹೆಂಡತಿಯ ಹೊಟ್ಟೆಯಲ್ಲಿ ಮಾತು ನಿಂತ ಉದಾಹರಣೆಯೇ ಇರಲಿಲ್ಲ. ಅವಳು ಮನೆಯೊಡತಿಗೆ ಸುದ್ದಿ ಮುಟ್ಟಿಸಿ, ದಾರಿಯಲ್ಲಿ ತಾನೂ ಅದೇ ಟ್ಯಾಕ್ಸಿ ಹತ್ತಿ ಬಂದಿದ್ದಳು. ಮನೆಯೊಡತಿಯ ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು. ಖಾಲಿ ಮೇಜು ನೋಡಿ ಅಲ್ಲೇ ನಿಂತಳು. ಬಾಗಿಲ ಬಳಿಯಿದ್ದವನು ಕಾಂಪೌಂಡರು. ಗಾಬರಿರಾಯ ನಾಯಿಯನ್ನು ಹೊತ್ತು ಮೆಟ್ಟಿಲೇರಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

"ಎಲ್ಲಪ್ಪಾ ನನ್ನ ಸಾಸಿವೆ?"

ಕಾಂಪೌಂಡರು ಸುಳ್ಳು ಹೇಳುವವನಲ್ಲ. "ಆಗಲೇ ಮೇಲೆ ಹೋಯ್ತಮ್ಮ," ಎಂದ.

ಮನೆಯೊಡತಿ ಒಂದು ಸಲ ಉಸಿರೆಳೆದುಕೊಂಡು, ಪ್ರಾಣಿಗಳನ್ನು ತೂಗುವ ತಕ್ಕಡಿ ಹಲಗೆಯ ಮೇಲೆ ಕುಸಿದು ಕುಳಿತಳು. ತಕ್ಕಡಿಯ ಮುಳ್ಳು ಗಿರ್ರನೆ ತಿರುಗಿ ಕೊನೆಯ ಗೆರೆಗೆ ಹೋಗಿ ನಡುಗುತ್ತ ನಿಂತಿತು.

"ಇಲ್ಲಮ್ಮಾ!" ಎಂದು ಓಡಿಬಂದ ಗಾಬರಿರಾಯ. "ಮೇಲೆ ಅಂದ್ರೆ ಆ ಮೇಲೆ ಅಲ್ಲ, ಈ ಮೇಲೆ!" ಎಂದು ಬೆರಳೆತ್ತಿ ತೋರಿಸಿದ. ಆದರೆ ಎರಡು 'ಮೇಲೆ'ಗಳೂ ಒಂದೇ ದಿಕ್ಕಿನಲ್ಲಿದ್ದುದರಿಂದ ಆಕೆಯ ಅಳು ಇಮ್ಮಡಿಯಾಯಿತು.

"ನಾನೇ ಹೊತ್ಕೊಂಡು ಹೋದೆ ಅಮ್ಮ!" ಎಂದು ಬಿಡಿಸಿ ಹೇಳಲು ಹೋದ.

"ನೀನೇ ಹೊತ್ತೆಯೇನಪ್ಪಾ..." ಎಂದು ಆಕೆ ಅವನ ಕೈಹಿಡಿದು ಹಣೆಗೊತ್ತಿಕೊಂಡಳು. "ಹೊರೋಕೆ ನೀನಾದ್ರೂ ಇದ್ದೆಯಲ್ಲ."

ಗಾಬರಿರಾಯ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸುತ್ತ, "ಮಾಡೋದನ್ನೆಲ್ಲಾ ಮಾಡಿಬಿಟ್ಟು ಈಗ ನನ್ನ ನೋಡ್ಬೇಡಿ," ಎಂದಳು.

ಅಷ್ಟರಲ್ಲಿ ಕೆಸರು ಮೆತ್ತಿದ ಬೂಟು, ಕೆದರಿದ ಕೂದಲಿನ ಡಾಕ್ಟ್ರಮ್ಮ ಒಳಗೆ ಬಂದರು. ತಕ್ಕಡಿಯ ಮೇಲೆ ಕುಳಿತಿದ್ದ ಹೆಂಗಸನ್ನೂ ಮೂಲೆಯಲ್ಲಿ ಸಿರಿಂಜು ಹಿಡಿದು ಬಿಕ್ಕುತ್ತಿದ್ದ ಕಾಂಪೌಂಡರನ್ನೂ ನೋಡಿದರು. ಆಮೇಲೆ ಖಾಲಿ ಮೇಜು ನೋಡಿ ಗುಮಾಸ್ತನ ಕಡೆ ತಿರುಗಿದರು.

"ವೇರ್ ಈಸ್ ಸಾಸಿವೆ? ಐ ಟೋಲ್ಡ್ ಯು ಟು ಪುಟ್ ಹಿಮ್ ಡೌನ್ ಫಾರ್ ಫೋರ್. ಫಾರ್ ಹಿಸ್ ನೇಲ್ಸ್!"

ಮೆಟ್ಟಿಲ ಮೇಲಿಂದ ಗ್ರಾಮರ್ ಮೇಷ್ಟ್ರು ಹಣೆ ಚಚ್ಚಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು. "ಫಾರ್! ನಡುವೆ ಒಂದು ಫಾರ್ ಇತ್ತೇನಯ್ಯಾ? ಪುಟ್ ಡೌನ್ ಫಾರ್ ಫೋರ್ ಅಂದ್ರೆ ನಾಲ್ಕು ಗಂಟೆಗೆ ಅಂತ ಹೆಸರು ಬರ್ಕೋ ಅಂತ! ಉಗುರು ಕತ್ತರಿಸೋಕೆ!"

"ಆ 'ಫ' ನಂಗೆ ಕೇಳಿಸ್ತು ಸಾರ್," ಎಂದ ಗಾಬರಿರಾಯ, ಅಳುವ ದನಿಯಲ್ಲಿ. "ಫೋನು ತೊದಲ್ತಾ ಇದೆ ಅಂದ್ಕೊಂಡೆ."

ಮೇಷ್ಟ್ರ ಕಾಲ ಸಂದಿಯಿಂದ ನುಸುಳಿ ಸಾಸಿವೆ ಇಳಿದು ಬಂತು. ಬಾಯಲ್ಲಿ ಮೇಷ್ಟ್ರ ಒಂದು ಚಪ್ಪಲಿ ಇತ್ತು. ಮನೆಯೊಡತಿ ಚೀರಿ ಅದನ್ನು ತಬ್ಬಿಕೊಂಡಳು. ಡಾಕ್ಟ್ರಮ್ಮ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಉಗುರು ಕತ್ತರಿಸುವ ಕಟಕಟ ಸದ್ದೂ, ಆಶ್ಚರ್ಯವೆಂಬಂತೆ ಮನೆಯೊಡತಿಯ ನಗುವೂ ಕೇಳಿಬಂತು. ಆಕೆ ನಾಯಿಯೊಂದಿಗೆ ಹೊರಬಂದಾಗ ಮುಖ ಅರಳಿತ್ತು.

"ಎಷ್ಟು ಚೆನ್ನಾಗಿ ಮಾತಾಡ್ತಾರಪ್ಪ ನಿಮ್ಮ ಡಾಕ್ಟ್ರು," ಎಂದಳು. ಗಾಬರಿರಾಯನ ಹೆಂಡತಿಯನ್ನೂ ಕರೆದುಕೊಂಡು ಟ್ಯಾಕ್ಸಿ ಹತ್ತಿದಳು. ಮನೆ ಉಳಿಯಿತು.

ಡಾಕ್ಟ್ರಮ್ಮ ಬಾಗಿಲಿಗೆ ಬಂದು ಗುಮಾಸ್ತನನ್ನು ಒಂದು ಗಳಿಗೆ ನೋಡಿದರು. ನಿಟ್ಟುಸಿರು ಬಿಟ್ಟರು.

"ಆಲ್ ರೈಟ್. ಐ ವಿಲ್ ಲೆಟ್ ಯು ಆಫ್ ದಿಸ್ ಟೈಮ್," ಎಂದು ಹೇಳಿ ಒಳಗೆ ಹೋದರು.

ಗಾಬರಿರಾಯ ನಿಂತಲ್ಲೇ ಕಲ್ಲಾದ. ಮೇಷ್ಟ್ರು ಇನ್ನೂ ಚಪ್ಪಲಿಯ ಗಾಯ ಪರೀಕ್ಷಿಸುತ್ತ ಅಲ್ಲೇ ಇದ್ದರು. "ಬಚಾವಾದೆ ಕಣಯ್ಯ," ಎಂದರು. "ಲೆಟ್ ಆಫ್ ಅಂದ್ರೆ ಕ್ಷಮಿಸಿದ್ದೀನಿ ಅಂತ."

"ಸಾಕು ಸುಮ್ನಿರಿ ಸಾರ್!" ಗಾಬರಿರಾಯನ ಸಹನೆ ಕಿತ್ತುಹೋಯಿತು. "ಬೆಳಿಗ್ಗೆಯಿಂದ ನಿಮ್ಮ ಅರ್ಥ ಕೇಳಿ ಕೇಳಿ ನನ್ನ ಬದುಕೇ ಅನರ್ಥ ಆಯ್ತು. ಆಫ್ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ? ಲೈಟು ಆಫ್, ಫ್ಯಾನು ಆಫ್, ಈಗ ನಾನು ಆಫ್. ದಿಸ್ ಟೈಮ್ ಅಂತಲೂ ಅಂದ್ರಲ್ಲ, ಅಂದ್ರೆ ಈ ಗಳಿಗೆಯಿಂದಲೇ!"

"ಅಯ್ಯೋ, ಆಫ್‌ಗೂ ಲೆಟ್ ಆಫ್‌ಗೂ ಅಜಗಜಾಂತರ ಕಣೋ!"

ಆದರೆ ಗಾಬರಿರಾಯ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹೇಗೂ ಕೆಲಸ ಹೋಗಿಯಾಯಿತು, ಹೊಟ್ಟೆಯಲ್ಲಿರುವುದನ್ನಾದರೂ ಖಾಲಿ ಮಾಡಿ ಹೋಗೋಣವೆಂದು ನಿರ್ಧರಿಸಿದ. ಆಕೆಗೆ ಅರ್ಥವಾಗುವುದಿಲ್ಲವೆಂಬ ಧೈರ್ಯ ಬೇರೆ ಇತ್ತು. ಒಳಗೆ ಹೋಗಿ, ಕೈ ಮುಗಿದು, ಮುಖದ ತುಂಬ ನಗೆ ತಂದುಕೊಂಡು, ಧನ್ಯವಾದ ಹೇಳುವವನ ಮೆದು ದನಿಯಲ್ಲಿ ಶುರು ಮಾಡಿದ.

"ತಾಯೀ, ನಿಮ್ಮ ಇಂಗ್ಲಿಷ್‌ಗೆ ಬೆಂಕಿ ಬೀಳ. ನಾಯಿ ಹೊತ್ತಿದ್ದು ನಾನು, ಸೊಂಟ ಮುರ್ಕೊಂಡಿದ್ದು ನಾನು, ಕೊನೇಗೆ ಆಫ್ ಆಗಿದ್ದೂ ನಾನೇ. ಉಗುರು ಕತ್ತರಿಸ್ಬೇಕು ಅಂತ ಒಂದು ಮಾತು ನೆಟ್ಟಗೆ ಹೇಳೋಕೆ ಬರದ ನಿಮಗೆ ಡಾಕ್ಟರ್ ಅಂತ ಯಾವ ಪುಣ್ಯಾತ್ಮ ಪಟ್ಟ ಕಟ್ಟಿದ್ನೋ! ನೀವು ಮಾತಾಡಿದ್ರೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡ ಹಾಗಿರುತ್ತೆ. ಅದಕ್ಕಿಂತ ಆ ಸಾಸಿವೆ ಬೊಗಳೋದು ಎಷ್ಟೋ ಸ್ಪಷ್ಟ. ನಿಮಗೆ ಒಳ್ಳೇದಾಗ್ಲಿ," ಎಂದು ಬಾಗಿ ನಮಸ್ಕರಿಸಿದ.

ಡಾಕ್ಟ್ರಮ್ಮ ಉಗುರು ಕತ್ತರಿಯನ್ನು ಒರೆಸಿ ಡಬ್ಬಿಗೆ ಹಾಕಿದರು. ಡಬ್ಬಿಯ ಮುಚ್ಚಳ ಹಾಕಿದರು.

"ನಮ್ಮ ಮನೇಲಿ ಕನ್ನಡಾನೇ ಮಾತಾಡೋದು," ಎಂದರು. "ನಾನು ಇಲ್ಲಿಗೆ ಬಂದ ದಿನ ನಿಮಗೆ ನಮಸ್ಕಾರ ಅಂದೆ. ನೀವು ಗುಡ್ ಮಾರ್ನಿಂಗ್ ಮೇಡಂ, ಹೌ ಡು ಯು ಡು ಅಂದ್ರಿ. ಇವರಿಗೆ ಇಂಗ್ಲಿಷೇ ಅಭ್ಯಾಸ ಇರಬೇಕು, ಬೇಜಾರು ಮಾಡ್ಬಾರ್ದು ಅಂತ ನಾನೂ ಇಷ್ಟು ದಿನ ಕಷ್ಟಪಟ್ಟು ಅದರಲ್ಲೇ ಮಾತಾಡ್ತಿದ್ದೆ."

ಗಾಬರಿರಾಯ ಬಾಗಿದವನು ಏಳಲಿಲ್ಲ. ಸೊಂಟ ಬಿಟ್ಟಿತ್ತೋ, ಧೈರ್ಯ ಬಿಟ್ಟಿತ್ತೋ. ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರ ಕಡೆ ಅದೇ ಭಂಗಿಯಲ್ಲಿ ಕತ್ತು ತಿರುಗಿಸಿದ.

"ನನ್ನ ಹತ್ರ ಮೊದಲಿಂದ ಕನ್ನಡದಲ್ಲೇ ಮಾತಾಡ್ತಾರಲ್ಲ," ಎಂದ ಕಾಂಪೌಂಡರು. "ನಿಮ್ಮ ಹತ್ರ ಮಾತ್ರ ಇಂಗ್ಲಿಷು. ಓದಿದೋರಿಗೆ ಮರ್ಯಾದೆ ಜಾಸ್ತಿ ಕೊಡ್ತಾರೆ ಅಂತ ನಾನು ಒಳಗೊಳಗೇ ಹೊಟ್ಟೆ ಉರ್ಕೊಂಡಿದ್ದೆ."

"ಲೆಟ್ ಆಫ್ ಅಂದ್ರೆ ಕ್ಷಮಿಸಿದ್ದೀನಿ ಅಂತ," ಎಂದರು ಡಾಕ್ಟ್ರಮ್ಮ. "ಈಗ ಆ ಕ್ಷಮೆ ವಾಪಸ್. ನಾಳೆಯಿಂದ ನೀವು ಮುಂದಿನ ಮೇಜಿಗೆ ಬರೋದು ಬೇಡ. ಹಿಂದುಗಡೆ ನಾಯಿಗೂಡು ತೊಳೀರಿ. ಒಂದೂ ಬಿಡದ ಹಾಗೆ, ದಿನಾ ಎರಡು ಹೊತ್ತು."

ಆ ಮಾತಿನಲ್ಲಿ ಗಾಬರಿರಾಯನಿಗೆ ಅರ್ಥವಾಗದ ಪದ ಒಂದೂ ಇರಲಿಲ್ಲ.