ಗಂಡನ ಹೊಟ್ಟೆಯೊಳಗಿನ ಭಟ್ಟಿ

ಕುಡುಕ ಗಂಡನನ್ನಾದರೂ ಸಹಿಸಬಹುದು. ಬಾಯಿ ತುಂಬ ವಾಸನೆ ಇಟ್ಟುಕೊಂಡು "ಕುಡಿದಿಲ್ಲ" ಎಂದು ಆಣೆ ಮಾಡುವವನನ್ನು ಸಹಿಸುವುದು ಹೇಗೆ, ನೀವೇ ಹೇಳಿ!

ನಮ್ಮ ಯಜಮಾನರು ನಾಗಭೂಷಣ, ಆದಿವಾಲದ ಶಾಲೆಯಲ್ಲಿ ಮೇಷ್ಟ್ರು. ಕಾಲಿನ ಗಾಯಕ್ಕೆಂದು ರಾಶಿ ಮಾತ್ರೆ ನುಂಗಿ ಎದ್ದ ಮೇಲೆ ಹೊಸ ಚಾಳಿ ಶುರುವಾಯಿತು. ಉಂಡು ಸ್ವಲ್ಪ ಹೊತ್ತಿಗೆಲ್ಲ ಕಣ್ಣು ಕೆಂಪು, ನಾಲಿಗೆ ತೊದಲು, ಉಸಿರಲ್ಲಿ ಪರಿಮಳ (ಮಲ್ಲಿಗೆಯದಲ್ಲ). ಮೊನ್ನೆ ಮಧ್ಯಾಹ್ನ ಮಗ್ಗಿಯನ್ನು ರಾಗವಾಗಿ ಹಾಡುತ್ತ ಬೋರ್ಡನ್ನೇ ತಬ್ಬಿಕೊಂಡು ನಿಂತರಂತೆ. ಹೆಡ್‌ಮಾಸ್ಟರು ಫೋನ್ ಮಾಡಿ, "ಇನ್ನೊಂದ್ಸಲ ಹಿಂಗಾದ್ರೆ ಮೇಲಿನೋರಿಗೆ ಬರೀತೀನಮ್ಮ, ಕೆಲಸ ಹೋಗ್ತೈತೆ" ಎಂದರು.

ನಾನು ಉರಿದುಬಿದ್ದೆ. "ಎಲ್ಲಿ ಹಾಕ್ಕಂಡ್ರಿ? ಹೇಳ್ರಿ!"

"ಒಂದು ತೊಟ್ಟೂ ಮುಟ್ಟಿಲ್ಲ ಕಣೇ ಮಮತಾ. ನಿನ್ನಾಣೆ."

"ನನ್ನಾಣೆ ಯಾಕ್ರಿ? ನಾನಿನ್ನೂ ಬದುಕ್ಬೇಕು!"

ಅತ್ತೆ ಸಿದ್ದಕ್ಕ ನಡುವೆ ಬಾಯಿ ಹಾಕಿದರು. "ನನ್ ಮಗ ಚಿನ್ನ. ಯಾರದೋ ಕಣ್ಣು ಬಿದ್ದೈತೆ."

"ಕಣ್ಣು ಬಿದ್ರೆ ಬ್ರಾಂದಿ ವಾಸ್ನೆ ಬರ್ತೈತಾ ಅತ್ತೆ?"

ಭಾನುವಾರ ನಾನೇ ಜೈಲರಾದೆ. ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಹೊಟ್ಟೆ ತುಂಬಿದರೆ ಕುಡಿಯುವ ಆಸೆ ಸಾಯುತ್ತದೆಂದು ಅನ್ನ, ಹೋಳಿಗೆ, ಪಾಯಸ ಸುರಿದು ಬಡಿಸಿದೆ. ಉಂಡೆದ್ದ ಮಹಾನುಭಾವರು ಪಡಸಾಲೆಯ ಕಂಬಕ್ಕೆ "ಬರ್ರಿ, ಕುಂತ್ಕಳ್ರಿ" ಎಂದು ಉಪಚಾರ ಮಾಡತೊಡಗಿದರು! ಮಂಚದಡಿ, ಅಕ್ಕಿ ಡಬ್ಬ, ನೀರಿನ ಟ್ಯಾಂಕು ಎಲ್ಲ ಜಾಲಾಡಿದೆ. ಬಾಟಲಿಯ ಮುಚ್ಚಳವೂ ಸಿಗಲಿಲ್ಲ. ಸಿಟ್ಟು ನೆತ್ತಿಗೇರಿತು. ರಟ್ಟೆ ಹಿಡಿದು ಆಟೋಗೆ ದಬ್ಬಿ, ಅತ್ತೆಯನ್ನೂ ಕೂರಿಸಿಕೊಂಡು ಹಿರಿಯೂರಿನ ಡಾಕ್ಟರ ಮುಂದೆ ನಿಲ್ಲಿಸಿದೆ.

"ಸರಿಯಾಗಿ ಉಗೀರಿ ಡಾಕ್ಟ್ರೇ! ಕುಡಿಯೋದು ಬಿಡ್ಸ್ರಿ!"

ಡಾಕ್ಟರು ಉಗಿಯಲಿಲ್ಲ. ಆಸ್ಪತ್ರೆಯಲ್ಲೇ ಇರಿಸಿಕೊಂಡು, ಮರುದಿನ ಬರೀ ಸಕ್ಕರೆ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಆಲ್ಕೋಹಾಲು!

"ಇವರು ಕುಡಿದಿಲ್ಲಮ್ಮ. ಕಾಲಿನ ಗಾಯಕ್ಕೆ ನುಂಗಿದ ಆ ಮಾತ್ರೆಗಳಿಂದ ಕರುಳಲ್ಲಿ ಯೀಸ್ಟ್ ವಿಪರೀತ ಬೆಳೆದೈತೆ. ತಿಂದ ಅನ್ನ, ಸಿಹಿಯನ್ನೆಲ್ಲ ಅದು ಒಳಗೇ ಹುಳಿ ಬರಿಸಿ ಹೆಂಡ ಮಾಡ್ತೈತೆ. ಬಾಳ ಅಪರೂಪದ ಕಾಯಿಲೆ. ಔಷಧಿ ಕೊಡ್ತೀನಿ. ಅನ್ನ, ಸಿಹಿ ಬಂದ್."

ಯಜಮಾನರ ಕಣ್ಣಲ್ಲಿ ನೀರು ಬಂತು. "ಈಗ್ಲಾದ್ರೂ ನಂಬ್ತೀಯೇನೇ?"

ನಾನು ಸೊಂಟದಿಂದ ಬೀಗದ ಕೈ ತೆಗೆದು ಅವರ ಕೈಗಿಟ್ಟೆ. ಆದರೆ ಅತ್ತೆ ಬಿಡಬೇಕಲ್ಲ! ಊರಿಗೆ ಬಂದದ್ದೇ ಜಗಲಿ ಮೇಲೆ ಕೂತು ಓಣಿಗೆಲ್ಲ ಸಾರಿದರು: "ನನ್ ಮಗ ಎಲ್ಲೂ ಕುಡೀತಿರ್ಲಿಲ್ಲ ಕಣ್ರವ್ವ. ಇವಳೇ ದಿನಾ ತಟ್ಟೆಗೆ ಹಾಕಿ ಕುಡಿಸ್ತಿದ್ಲು!"

ಸಂಜೆ ಎದುರುಮನೆಯ ಮಂಜಣ್ಣ ಲೋಟ ಹಿಡಿದು, ಅತ್ತಿತ್ತ ನೋಡುತ್ತ ಹಿತ್ತಲ ಬಾಗಿಲಿಗೆ ಬಂದ.

"ಮಮತಕ್ಕಾ, ನಿಮ್ಮನೆ ಪಾಯಸ ಒಂದೀಟು ಐತಾ?"