ಟಿಕೆಟ್ ಇಲ್ಲದ ಮೊಳಕೆಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದಿದ್ದೇನೆ; ಪ್ರತಿ ಸಲವೂ ಕಾಫಿಯ ನೆಪದಲ್ಲಿ ಎದ್ದಿದ್ದೇನೆ. ಈಗ ಡಾಕ್ಟರು ಕಾಫಿ ಬಿಡಿಸಿದ್ದಾರೆ. ನೆಪವೂ ಹೋಯಿತು!

ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಮೊಳಕೆಗಳ ಹತ್ತಿರ ಟಿಕೆಟ್ ಕೇಳುತ್ತಿದ್ದ. ಹೆಸರು ಹೇಳಲು ನಾಲಿಗೆ ತಡೆಯುತ್ತದೆ, ಸದ್ಯಕ್ಕೆ ಷಡ್ಡಕನೆಂದೇ ಇರಲಿ.

ಕಡೂರು, ತರೀಕೆರೆ, ಅಜ್ಜಂಪುರದ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಆಯುಸ್ಸಿಡೀ ಕಂಡಕ್ಟರ್ ಆಗಿದ್ದವನು ಅವನು. ಕೆಲಸ ಬಿಟ್ಟ ಮೇಲೆ ಸಖರಾಯಪಟ್ಟಣದ ಹತ್ತಿರದ ತನ್ನ ಬೆದ್ದಲು ಹೊಲದಲ್ಲಿ ಹಿರೇಮದ್ದು ಬಿತ್ತಿದ. ಅದೇ ಅಶ್ವಗಂಧ. ಅದರ ಬೇರಿನ ಪುಡಿಯನ್ನು ಹಾಲಿಗೆ ಹಾಕಿ ಕುಡಿದರೆ ಹೆಂಡತಿಯ ಮಂಡಿನೋವು ಮಾಯವೆಂದು ಯಾರೋ ಪ್ಯಾಸೆಂಜರ್ ಹೇಳಿದ್ದನಂತೆ.

“ಊರೋರ್ನೆಲ್ಲಾ ಸುತ್ತಿಸ್ದೆ, ಇವಳನ್ನ ಒಂದಿನಾನೂ ಕೆಮ್ಮಣ್ಣುಗುಂಡಿಗೆ ಕರ್ಕೊಂಡೋಗ್ಲಿಲ್ಲ ಕಣಣ್ಣ. ಬೇರು ಬರ್ಲಿ, ಮಂಡಿ ಸರಿಹೋಗ್ಲಿ, ನಡೆಸ್ಕೊಂಡೇ ಹತ್ತಿಸ್ತೀನಿ!” ಎನ್ನುತ್ತಿದ್ದ.

ಮೊಳಕೆ ಎದ್ದಾಗ ನೋಡಬೇಕಿತ್ತು ಅವನ ದರ್ಬಾರು! ಕೊರಳಲ್ಲಿ ಹಳೇ ಸೀಟಿ, ಕಂಕುಳಲ್ಲಿ ಚರ್ಮದ ಬ್ಯಾಗು, ಬ್ಯಾಗಿನೊಳಗೆ ಅವಲಕ್ಕಿ. ಕುಕ್ಕರಗಾಲಲ್ಲಿ ಕೂತು ಒಂದೊಂದು ಎಲೆಯ ಬೆನ್ನು ತಿರುಗಿಸುವನು. ಹಿರೇಮದ್ದಿನ ಎಳೆ ಎಲೆಗೆ ಬೂದಿ ಸವರಿದಂಥ ಸಣ್ಣ ರೋಮದ ನವಿರು ಇರುತ್ತದೆ.

“ವಿಭೂತಿ ಹಚ್ಕೊಂಡವ್ನೆ, ನಮ್ಮೋನು. ಕೂತ್ಕೋ ಮರಿ.” ಪಕ್ಕದ ಕಳೆಗೆ ಮಾತ್ರ, “ಲೇ, ನಿನ್ನೇನೂ ಹಿಂಗೇ ಹತ್ತಿದ್ದೆ. ಇಳಿ ಕೆಳಕ್ಕೆ!” ಕಿತ್ತು ಬದುವಿಗೆಸೆದು ಪೀ... ಎಂದು ಸೀಟಿ! ಒಮ್ಮೆ ಆ ಸೀಟಿಗೆ ರಸ್ತೆಯಲ್ಲಿ ಹೋಗುತ್ತಿದ್ದ ನಿಜವಾದ ಬಸ್ಸೇ ನಿಂತುಬಿಟ್ಟಿತು. ಡ್ರೈವರ್ ಬೈದ. ಇವನಿಗೆ ನಾಚಿಕೆಯೇ? “ರೈಟ್, ರೈಟ್! ಹೋಗಪ್ಪಾ, ಲೇಟಾಗೈತೆ” ಎಂದು ಕಳಿಸಿಕೊಟ್ಟ.

“ಗಿಡದ ಗುರ್ತು ಹಿಡೀತಾರೆ, ಮನೇಲಿ ನನ್ನ ಮುಖ ನೋಡ್ತಾರಾ ಕೇಳಿ ಭಾವ” ಎಂದು ಅವನ ಹೆಂಡತಿ ದೂರಿದಳು.

“ನಿಂದು ಪಾಸು ಕಣೇ, ನೋಡೋದೇನೈತೆ!”

ಎಲ್ಲರೂ ಅವನ ಮಾತಿಗೇ ನಗುತ್ತಿದ್ದರು. ಹೈಸ್ಕೂಲು ಮುಗಿಸಿದ ನಾನು ಜೋಕು ಹೇಳಿದರೆ ನನ್ನ ಹೆಂಡತಿಯೂ ನಗುತ್ತಿರಲಿಲ್ಲ! ಹೊಟ್ಟೆಯುರಿ, ಇನ್ನೇನು? ಅವನು ತರೀಕೆರೆಗೆ ಮದುವೆಗೆ ಹೋದ ದಿನ, ಮೊಳಕೆ ಬಾರದೆ ಬೋಳಾಗಿದ್ದ ಒಂದು ಸಾಲಿನಲ್ಲಿ ಪುಟಾಣಿ ಬದನೆ ಸಸಿಗಳನ್ನು ನೆಟ್ಟುಬಂದೆ. ಅವುಗಳ ಎಲೆಗೂ ನವಿರಿದೆ.

“ಲೇಟಾದ್ರೂ ಬಸ್ಸು ಹಿಡಿದ್ವು ನೋಡಣ್ಣ!” ಎಂದು ಅವನು ಕುಣಿದಾಡಿದ. ಆ ಸಾಲಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ.

ಸೀಗೆ ಹುಣ್ಣಿಮೆಯ ದಿನ ಬಸುರಿ ಭೂಮಿಗೆ ಎಡೆಯಿಡಲು ನೆಂಟರೆಲ್ಲ ಹೊಲಕ್ಕೆ ಬಂದಿದ್ದರು. ಅವನು ತಡವಾಗಿ ಬಂದ ಸಾಲನ್ನೇ ಮೊದಲು ತೋರಿಸಿದ. ನಾನು ಕಾಯುತ್ತಿದ್ದುದು ಅದಕ್ಕೇ.

“ಏನಪ್ಪಾ ಕಂಡಕ್ಟ್ರೇ, ಇವಕ್ಕೆ ಟಿಕೆಟ್ ಕೊಟ್ಟೋರ್ಯಾರು? ಬದನೆ ಕಣಯ್ಯಾ, ನಾನೇ ನೆಟ್ಟಿದ್ದು!”

ಮೊಸರನ್ನ ನೆತ್ತಿಗೇರುವಷ್ಟು ನಕ್ಕರು. ಅವನೂ ನಕ್ಕ. ಅವನ ಹೆಂಡತಿ ನಗಲಿಲ್ಲ.

ಆಮೇಲೆ ಸೀಟಿ ಕೇಳಲಿಲ್ಲ. ಎಲೆ ತಿರುಗಿಸುವನು, ಕೈ ಹಿಂದೆಗೆಯುವನು. “ಇದು ನಮ್ಮೋನೇನಣ್ಣ?” ಎಂದು ನನ್ನನ್ನು ಕೇಳುವನು. ನನಗೇನು ಗೊತ್ತು? ಕೀಳಲು ಧೈರ್ಯ ಸಾಲದೆ ಎಲ್ಲವನ್ನೂ ಬಿಟ್ಟ. ಕಳೆ ಹಿರೇಮದ್ದನ್ನು ನುಂಗಿತು. ಬೇರೂ ಇಲ್ಲ, ಕೆಮ್ಮಣ್ಣುಗುಂಡಿಯೂ ಇಲ್ಲ. “ತಮಾಷೆಗೆ ಮಾಡ್ದೆ ಕಣೋ” ಎಂದೆನೇ ಹೊರತು ತಪ್ಪಾಯ್ತು ಎನ್ನಲಿಲ್ಲ. ಮುಂದಿನ ಮಳೆಗೆ ಅವನಿರಲಿಲ್ಲ.

ಈ ಸಲ ಮಳೆ ಬಿದ್ದ ಮೇಲೆ ಆ ಹೊಲಕ್ಕೆ ಹೋಗಿದ್ದೆ. ಕಳೆಯ ನಡುವೆ ಬದುಕಿಕೊಂಡಿದ್ದ ಒಂದೆರಡು ಗಿಡಗಳ ಬೀಜ ಉದುರಿತ್ತೇನೋ, ಅಲ್ಲಲ್ಲಿ ಮೊಳಕೆ ಎದ್ದಿತ್ತು. ಮಂಡಿ ನೋಯುತ್ತಿದ್ದರೂ ಕುಕ್ಕರಗಾಲಲ್ಲಿ ಕೂತೆ. ಒಂದು ಎಲೆಯ ಬೆನ್ನು ತಿರುಗಿಸಿದೆ. ವಿಭೂತಿಯೋ, ನನ್ನ ಕಣ್ಣ ಮಂಜೋ ತಿಳಿಯಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಕೇಳಿಬಿಟ್ಟೆ:

“ಇದು ನಮ್ಮೋನೇನೋ, ಓಂಕಾರಪ್ಪ?”